ನಾದಬಾರದ ಹಿಟ್ಟು, ಕುದಿಯಲೇಬೇಕಾದ ಹಣ್ಣು: ಬ್ಲೂಬೆರಿ ಕಾಬ್ಲರ್

ನಾನು ಮೊದಲ ಬಾರಿ ಮಾಡಿದ ಬ್ಲೂಬೆರಿ ಕಾಬ್ಲರನ್ನು ಸೌಟಿನಲ್ಲಿ ಬಡಿಸಬೇಕಾಯಿತು. ಮೇಲಿನ ಹೊದಿಕೆ ಹೊಂಬಣ್ಣಕ್ಕೆ ತಿರುಗಿ ಚೆನ್ನಾಗಿಯೇ ಕಾಣುತ್ತಿತ್ತು. ಸೌಟು ಇಳಿಸಿದರೆ ಕೆಳಗೆ ನೇರಳೆ ಬಣ್ಣದ ತಿಳಿಸಾರು, ಹೊದಿಕೆಯ ಅಡಿಯಲ್ಲಿ ಅಂಟಂಟು ಹಸಿ ಹಿಟ್ಟು. ನ್ಯೂಜೆರ್ಸಿಯ ನಮ್ಮ ಬಾಡಿಗೆ ಮನೆಗೆ ಊಟಕ್ಕೆ ಬಂದಿದ್ದ ಕನ್ನಡದ ಗೆಳೆಯರು ಮರ್ಯಾದೆಗೆ ಐಸ್‌ಕ್ರೀಮ್ ಕಲಸಿಕೊಂಡು ಕುಡಿದು ಮುಗಿಸಿದರು. ಮತ್ತೆ ನಾಲ್ಕು ಸಲ ಮಾಡಿದ ಮೇಲೆ ತಪ್ಪು ಎಲ್ಲಿತ್ತೆಂದು ಗೊತ್ತಾಯಿತು. ಚಪಾತಿ ಹಿಟ್ಟು ಕಲಸಿ ರೂಢಿಯಾದ ಕೈ, ನಾದಬಾರದ ಹಿಟ್ಟನ್ನು ನಾದಿಬಿಟ್ಟಿತ್ತು. ಹಣ್ಣು ಕುದಿಯುವ ಮೊದಲೇ ಓವನ್ನಿನಿಂದ ಹೊರಗೆ ತೆಗೆದಿದ್ದೆ. ಇವೆರಡನ್ನು ತಿದ್ದಿಕೊಂಡರೆ ಅಮೆರಿಕದ ಅಡುಗೆಮನೆಯಲ್ಲಿ ಇದಕ್ಕಿಂತ ಸುಲಭದ ಸಿಹಿ ಇನ್ನೊಂದಿಲ್ಲ. ಮೊಟ್ಟೆ ಬೇಡ, ಬೀಟರ್ ಬೇಡ, ಲಟ್ಟಣಿಗೆಯೂ ಬೇಡ.

ಕಾಬ್ಲರ್ ಅಂದರೆ ಏನು? ಆಳವಾದ ತಟ್ಟೆಯಲ್ಲಿ ಹಣ್ಣು ಸುರಿದು, ಮೇಲೆ ಮೈದಾ ಮತ್ತು ಬೆಣ್ಣೆಯ ಹಿಟ್ಟನ್ನು ಮುದ್ದೆ ಮುದ್ದೆಯಾಗಿ ಹಾಕಿ ಬೇಯಿಸಿದ್ದು. ಅಷ್ಟೇ. ಮುದ್ದೆಗಳು ಉಬ್ಬಿ ಒಂದಕ್ಕೊಂದು ತಾಗಿದಾಗ ಉರುಟು ಕಲ್ಲು ಹಾಸಿದ ಹಳೇ ಬೀದಿಯಂತೆ ಕಾಣುತ್ತದೆ, ಹೆಸರು ಅಲ್ಲಿಂದಲೇ ಬಂತು ಎಂದು ಹಲವರು ಹೇಳುತ್ತಾರೆ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದು ನೆಲೆಸಿದವರು ತಮ್ಮ ಊರಿನ ಪುಡಿಂಗ್, ಪೈಗಳನ್ನು ಹೊಸ ನೆಲದಲ್ಲಿ ಸಿಕ್ಕ ಹಣ್ಣು, ಸಿಕ್ಕ ಪಾತ್ರೆಗೆ ಹೊಂದಿಸಿಕೊಂಡಾಗ ಹುಟ್ಟಿದ ತಿನಿಸು ಇದು. ಓವನ್ ಇಲ್ಲದ ಕಡೆ ದಪ್ಪ ಎರಕದ ಕಬ್ಬಿಣದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರವಿ ಬೇಯಿಸುತ್ತಿದ್ದರು. ನಮ್ಮಲ್ಲಿ ಹಳೇ ಕಾಲದವರು ಮೇಲೂ ಕೆಳಗೂ ಕೆಂಡವಿಟ್ಟು ಸುಡುತ್ತಿದ್ದ ಉಪಾಯವೇ. 1839ರಲ್ಲಿ ಅಚ್ಚಾದ ಲೆಟಿಸ್ ಬ್ರಯನ್ ಅವರ ‘ದಿ ಕೆಂಟಕಿ ಹೌಸ್‌ವೈಫ್’ ಎಂಬ ಅಡುಗೆ ಪುಸ್ತಕದಲ್ಲಿ ಪೀಚ್ ಹಣ್ಣಿನ ಕಾಬ್ಲರ್ ಇದೆ. ನೆಂಟರೆದುರು ಇಡುವಷ್ಟು ಠೀವಿಯದಲ್ಲ, ಮನೆಮಂದಿಗೆ ಮಾತ್ರ ಬಹಳ ಚೆನ್ನ ಎಂಬರ್ಥದ ಮಾತನ್ನು ಆಕೆ ಆಗಲೇ ಬರೆದಿಟ್ಟಿದ್ದಾರೆ. ನನ್ನ ಮಟ್ಟಿಗೆ ನೆಂಟರಿಗೂ ಅಡ್ಡಿಯಿಲ್ಲ.

ಇದಕ್ಕೆ ದಾಯಾದಿಗಳು ಹಲವರಿದ್ದಾರೆ. ಮೇಲೆ ಓಟ್ಸ್, ಬೆಣ್ಣೆ, ಸಕ್ಕರೆಯ ಪುಡಿಪುಡಿ ಹೊದಿಕೆಯಿದ್ದರೆ ಕ್ರಿಸ್ಪ್. ಹಣ್ಣನ್ನು ಕೇಕ್ ಹಿಟ್ಟಿನೊಳಗೇ ಸೇರಿಸಿದರೆ ಬಕಲ್. ಒಲೆಯ ಮೇಲೆ ಮುಚ್ಚಿಟ್ಟು ಹಬೆಯಲ್ಲಿ ಬೇಯಿಸಿದರೆ ಗ್ರಂಟ್. ಹೆಸರುಗಳ ಜಗಳ ನಮಗೆ ಬೇಡ.

ಹಣ್ಣಿನ ವಿಷಯದಲ್ಲಿ ಮಾತ್ರ ಒಂದು ತಕರಾರು ನನ್ನದು. ಕನ್ನಡದಲ್ಲಿ ಬ್ಲೂಬೆರಿಯನ್ನು ನೇರಳೆ ಎಂದು ಬರೆಯುವವರಿದ್ದಾರೆ. ಬಣ್ಣ ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ನೇರಳೆಗೆ ದಪ್ಪ ಬೀಜ, ನಾಲಗೆ ಒಣಗಿಸುವ ಒಗರು. ಬ್ಲೂಬೆರಿಯ ಬೀಜ ಬಾಯಿಗೆ ಸಿಗುವುದೇ ಇಲ್ಲ, ಒಗರಂತೂ ಇಲ್ಲ. ನೇರಳೆಯಲ್ಲಿ ಕಾಬ್ಲರ್ ಮಾಡಲು ಹೊರಟರೆ ಬೀಜ ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಬ್ಲೂಬೆರಿಯ ನಿಜವಾದ ನೆಂಟರು ನಮ್ಮ ಹತ್ತಿರವೇ ಇದ್ದಾರೆ: ನೀಲಗಿರಿಯ ಶೋಲಾ ಕಾಡುಗಳಲ್ಲಿ ವ್ಯಾಕ್ಸಿನಿಯಮ್ ಎಂಬ ಅದೇ ಕುಲದ ಗಿಡಗಳು ಬೆಳೆಯುತ್ತವೆ.

ಅಮೆರಿಕದಲ್ಲಿ ಸಿಗುವ ಬ್ಲೂಬೆರಿ ಮುಖ್ಯವಾಗಿ ಎರಡು ಬಗೆ. ಈಶಾನ್ಯದ ಮೇನ್ ರಾಜ್ಯದ ಬಯಲುಗಳಲ್ಲಿ ಮೊಣಕಾಲೆತ್ತರಕ್ಕೂ ಬಾರದ ಪೊದೆಗಳಲ್ಲಿ ತಾನಾಗಿಯೇ ಬೆಳೆಯುವ ಕಾಡು ಬ್ಲೂಬೆರಿ ಒಂದು. ಮೂಲನಿವಾಸಿ ವಾಬನಾಕಿ ಜನ ಆ ಬಯಲುಗಳಿಗೆ ಬೆಂಕಿ ಕೊಟ್ಟು ಹೊಸ ಚಿಗುರು ಬರಿಸುತ್ತಿದ್ದರು. ಒಂದು ವರ್ಷ ಚಿಗುರು, ಮರುವರ್ಷ ಹಣ್ಣು ಎಂಬ ಲೆಕ್ಕ ಈಗಲೂ ನಡೆದಿದೆ. ದೊಡ್ಡ ಬಾಚಣಿಗೆಯಂಥ ಹಲ್ಲಿನ ಸಲಕರಣೆಯಿಂದ ಹಣ್ಣನ್ನು ಬಾಚಿ ತೆಗೆಯುತ್ತಾರೆ. ಸಣ್ಣ ಕಾಳು, ಗಾಢ ರುಚಿ. ಬಹುಪಾಲು ಫ್ರೀಜ್ ಆಗಿಯೇ ಮಾರುಕಟ್ಟೆಗೆ ಬರುತ್ತದೆ.

ಇನ್ನೊಂದು, ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುವ ದಪ್ಪ ಹಣ್ಣು. ಇದರ ಕತೆ ನ್ಯೂಜೆರ್ಸಿಯದು. ಬ್ಲೂಬೆರಿಯನ್ನು ತೋಟದಲ್ಲಿ ಬೆಳೆಯಲಾಗದು ಎಂದೇ ಜನ ನಂಬಿದ್ದ ಕಾಲದಲ್ಲಿ ಫ್ರೆಡರಿಕ್ ಕೋವಿಲ್ ಎಂಬ ಸಸ್ಯವಿಜ್ಞಾನಿ, ಅದಕ್ಕೆ ಬೇಕಾದದ್ದು ಹುಳಿ ಮಣ್ಣು ಎಂದು 1910ರಲ್ಲಿ ಬರೆದು ತೋರಿಸಿದರು. ವೈಟ್ಸ್‌ಬಾಗ್ ಎಂಬಲ್ಲಿ ಕ್ರಾನ್‌ಬೆರಿ ತೋಟವಿದ್ದ ಮನೆತನದ ಎಲಿಜಬೆತ್ ವೈಟ್ ಅದನ್ನು ಓದಿ ಅವರ ಜೊತೆ ಕೈಜೋಡಿಸಿದರು. ಆಕೆ ಮಾಡಿದ ಉಪಾಯ ಚೆಂದದ್ದು. ಸುತ್ತಲ ಕಾಡು ಬಲ್ಲ ಹಳ್ಳಿಗರಿಗೆ ಒಂದು ತೂತಿನ ಅಳತೆಪಟ್ಟಿ ಕೊಟ್ಟು, ಆ ತೂತಿನಲ್ಲಿ ತೂರದಷ್ಟು ದಪ್ಪ ಹಣ್ಣು ಬಿಡುವ ಪೊದೆ ತೋರಿಸಿದವರಿಗೆ ಹಣ ಕೊಡುತ್ತೇನೆಂದರು. ಪೊದೆಗೆ ಹುಡುಕಿದವನ ಹೆಸರನ್ನೇ ಇಟ್ಟರು. ರೂಬ್ ಲೀಕ್ ಎಂಬಾತ ತೋರಿಸಿದ ಪೊದೆ ‘ರೂಬೆಲ್’ ತಳಿಯಾಗಿ ಇಂದಿಗೂ ಬೆಳೆಯುತ್ತಿದೆ. 1916ರಲ್ಲಿ ತೋಟದ ಮೊದಲ ಬೆಳೆ ಮಾರಾಟಕ್ಕೆ ಹೋಯಿತು. ಜೂನ್ ಕೊನೆ, ಜುಲೈ ತಿಂಗಳಲ್ಲಿ ನ್ಯೂಜೆರ್ಸಿಯ ತೋಟಗಳಿಗೆ ಹೋದರೆ ಬಕೆಟ್ ಕೊಟ್ಟು ಒಳಗೆ ಬಿಡುತ್ತಾರೆ, ಕಿತ್ತಷ್ಟಕ್ಕೆ ತೂಕದ ಲೆಕ್ಕದಲ್ಲಿ ಹಣ. ಬೇಸಿಗೆಗೆ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯಲು ಮಾಲ್‌ಗಿಂತ ಒಳ್ಳೆಯ ಜಾಗ. ನನ್ನ ಅತ್ತೆಯದಂತೂ ಕಾಫಿ ಹಣ್ಣು ಬಿಡಿಸಿದ ಕೈ, ಒಂದು ಗಂಟೆಯಲ್ಲಿ ನಮ್ಮೆಲ್ಲರ ಬಕೆಟ್ ಸೇರಿಸಿದರೂ ಮೀರುವಷ್ಟು ಕಿತ್ತಿದ್ದರು.

ಕೀಳುವಾಗಲೂ ಕೊಳ್ಳುವಾಗಲೂ ನೋಡಬೇಕಾದದ್ದು ತೊಟ್ಟಿನ ಬುಡ. ಅಲ್ಲಿ ಕೆಂಪು ಛಾಯೆ ಇದ್ದರೆ ಹಣ್ಣು ಪೂರ್ತಿ ಮಾಗಿಲ್ಲ, ಮನೆಗೆ ತಂದಿಟ್ಟರೂ ಸಿಹಿ ಏರುವುದಿಲ್ಲ. ಮೈಮೇಲಿನ ಬೂದಿಯಂಥ ಬಿಳಿ ಪುಡಿ ಔಷಧಿಯಲ್ಲ, ದ್ರಾಕ್ಷಿಯ ಮೇಲಿರುವಂಥ ಸಹಜ ಮೇಣ. ಹಣ್ಣು ತಾಜಾ ಎಂಬುದರ ಗುರುತು. ಡಬ್ಬಿ ಓರೆ ಮಾಡಿದರೆ ಹಣ್ಣು ಗೋಲಿಯಂತೆ ಉರುಳಬೇಕು. ಒಂದಕ್ಕೊಂದು ಅಂಟಿ ನಿಂತಿದ್ದರೆ ಒಳಗೆಲ್ಲೋ ಬೂಷ್ಟು ಹಿಡಿದಿದೆ. ತೊಳೆಯುವುದು ಬಳಸುವ ಮುಂಚೆ ಮಾತ್ರ.

ಈಗ ಸಾಮಾನು. ಎಂಟು ಅಥವಾ ಒಂಬತ್ತು ಇಂಚಿನ ಚೌಕ ತಟ್ಟೆಗೆ, ಆರರಿಂದ ಎಂಟು ಮಂದಿಗೆ ಆಗುವ ಅಳತೆ ಕೊಡುತ್ತೇನೆ. ಕಪ್ ಎಂದರೆ 240 ಮಿ.ಲೀ.

ಹಣ್ಣಿನ ಪದರಕ್ಕೆ: ಬ್ಲೂಬೆರಿ 6 ಕಪ್, ಸುಮಾರು 900 ಗ್ರಾಂ, ಸಕ್ಕರೆ ಅರ್ಧ ಕಪ್, ಅಂದರೆ 100 ಗ್ರಾಂ, ಕಾರ್ನ್‌ಫ್ಲೋರ್ 2 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ, ತುರಿದ ನಿಂಬೆಸಿಪ್ಪೆ 1 ಚಿಕ್ಕ ಚಮಚ, ಒಂದು ಚಿಟಿಕೆ ಉಪ್ಪು.

ಹೊದಿಕೆಗೆ: ಮೈದಾ ಒಂದೂವರೆ ಕಪ್, ಸುಮಾರು 190 ಗ್ರಾಂ, ಸಕ್ಕರೆ ಕಾಲು ಕಪ್, ಬೇಕಿಂಗ್ ಪೌಡರ್ ಒಂದೂವರೆ ಚಿಕ್ಕ ಚಮಚ, ಅಡುಗೆ ಸೋಡಾ ಕಾಲು ಚಿಕ್ಕ ಚಮಚ, ಉಪ್ಪು ಕಾಲು ಚಿಕ್ಕ ಚಮಚ, ಫ್ರಿಜ್‌ನಿಂದ ಆಗಷ್ಟೇ ತೆಗೆದ ಗಟ್ಟಿ ಬೆಣ್ಣೆ 85 ಗ್ರಾಂ, ಗಟ್ಟಿ ಮಜ್ಜಿಗೆ 150 ಮಿ.ಲೀ. ಮೇಲೆ ಉದುರಿಸಲು ಒಂದು ಚಮಚ ಸಕ್ಕರೆ.

ಅಮೆರಿಕದ ಅಂಗಡಿಯಲ್ಲಿ ಹೊಸಬರು ಎಡವುವ ಜಾಗ ಈ ಪಟ್ಟಿಯಲ್ಲೇ ಇದೆ. ನಾವು ಕಾರ್ನ್‌ಫ್ಲೋರ್ ಎನ್ನುವ ಬಿಳಿ ನುಣ್ಣನೆಯ ಪುಡಿಗೆ ಅಲ್ಲಿ ಕಾರ್ನ್‌ಸ್ಟಾರ್ಚ್ ಎನ್ನುತ್ತಾರೆ. ಅಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳಿದರೆ ಮೆಕ್ಕೆಜೋಳದ ಹಿಟ್ಟು ಕೈಗೆ ಬರುತ್ತದೆ, ಅದು ರಸವನ್ನು ಹಿಡಿಯುವುದಿಲ್ಲ. ಮೈದಾ ಬೇಕಾದರೆ ಆಲ್ ಪರ್ಪಸ್ ಫ್ಲೋರ್ ಕೊಳ್ಳಿ. ಸೆಲ್ಫ್ ರೈಸಿಂಗ್ ಎಂದು ಬರೆದಿದ್ದರೆ ಅದರಲ್ಲಿ ಬೇಕಿಂಗ್ ಪೌಡರ್, ಉಪ್ಪು ಆಗಲೇ ಬೆರೆತಿವೆ, ಮತ್ತೆ ಹಾಕಬಾರದು. ಅಲ್ಲಿನ ಬಟರ್‌ಮಿಲ್ಕ್ ಕಡೆದ ಮಜ್ಜಿಗೆಯಲ್ಲ, ಮಂದವಾದ ಹುಳಿ ಹಾಲು. ಭಾರತದಲ್ಲಿರುವವರು ನೀರುಮಜ್ಜಿಗೆ ಬಳಸಬೇಡಿ. ಅರ್ಧ ಕಪ್ ಗಟ್ಟಿ ಮೊಸರಿಗೆ ಎರಡು ಚಮಚ ಹಾಲು ಬೆರೆಸಿ ಕಡೆದರೆ ಸರಿಹೋಗುತ್ತದೆ. ಬೆಣ್ಣೆ ಉಪ್ಪಿನದಾಗಿದ್ದರೆ ಹಿಟ್ಟಿಗೆ ಬೇರೆ ಉಪ್ಪು ಬೇಡ. ಅಮೆರಿಕದಲ್ಲಿ ಬೆಣ್ಣೆ 113 ಗ್ರಾಂ ತೂಕದ ಕಡ್ಡಿಗಳಾಗಿ ಬರುತ್ತದೆ, ಸುತ್ತಿದ ಕಾಗದದ ಮೇಲೆ ಎಂಟು ಗೆರೆ ಇರುತ್ತವೆ. ನಮಗೆ ಆರು ಗೆರೆಯಷ್ಟು ಸಾಕು.

ಓವನ್ನನ್ನು 190 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ 375 ಫ್ಯಾರನ್‌ಹೀಟ್‌ಗೆ ಕಾಯಲು ಬಿಡಿ. ಅಗಲ ಪಾತ್ರೆಯಲ್ಲಿ ಸಕ್ಕರೆ, ಕಾರ್ನ್‌ಫ್ಲೋರ್, ಉಪ್ಪು, ನಿಂಬೆಸಿಪ್ಪೆ ಮೊದಲು ಒಣದಾಗಿಯೇ ಬೆರೆಸಿಕೊಳ್ಳಿ. ನೇರವಾಗಿ ಹಣ್ಣಿನ ಮೇಲೆ ಕಾರ್ನ್‌ಫ್ಲೋರ್ ಸುರಿದರೆ ಗಂಟುಗಳಾಗಿ ನಿಲ್ಲುತ್ತದೆ. ಆಮೇಲೆ ಹಣ್ಣು, ನಿಂಬೆರಸ ಹಾಕಿ ಕೈಯಾಡಿಸಿ ಬೇಕಿಂಗ್ ತಟ್ಟೆಗೆ ಸುರಿಯಿರಿ. ಬ್ಲೂಬೆರಿಗೆ ಸಿಹಿ ಇದೆ, ಹುಳಿ ಕಮ್ಮಿ. ನಿಂಬೆ ಇಲ್ಲದಿದ್ದರೆ ರುಚಿ ಸಪ್ಪೆ. ಗಾಜು, ಪಿಂಗಾಣಿ ಅಥವಾ ಸ್ಟೀಲಿನ ತಟ್ಟೆ ಆಗಬಹುದು. ಅಲ್ಯೂಮಿನಿಯಮ್ ಕೇಕ್ ಟಿನ್ ಬೇಡ, ಹಣ್ಣಿನ ಹುಳಿಗೆ ಲೋಹದ ರುಚಿ ಬಿಡುತ್ತದೆ. ಅದೊಂದೇ ಇದ್ದರೆ ಒಳಗೆ ಬೇಕಿಂಗ್ ಪೇಪರ್ ಹಾಸಿ.

ಹೆಚ್ಚಿನವರು ಇಲ್ಲಿಯೇ ಹಿಟ್ಟು ಹಾಕಿ ಓವನ್ನಿಗೆ ತಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ. ತಣ್ಣಗಿನ ಹಣ್ಣಿನ ಮೇಲೆ ಕೂತ ಹಿಟ್ಟು ಮೇಲಿನಿಂದ ಕೆಂಪಾಗುತ್ತದೆ, ಕೆಳಗೆ ಹಸಿಯಾಗಿಯೇ ಉಳಿಯುತ್ತದೆ. ಹಣ್ಣನ್ನೊಂದೇ ಮೊದಲು 20 ನಿಮಿಷ ಓವನ್ನಿನಲ್ಲಿಡಿ. ಅಂಚಿನಲ್ಲಿ ರಸ ಬಿಟ್ಟು ಗುಳ್ಳೆ ಏಳಲು ಶುರುವಾದಾಗ ಹಿಟ್ಟು ಹಾಕಿದರೆ, ಕೆಳಗಿನ ಬಿಸಿಯೂ ಹಿಟ್ಟನ್ನು ಬೇಯಿಸುತ್ತದೆ. ಕೆಳಗಿನ ಅಂತಸ್ತಿನಲ್ಲಿ ಒಂದು ಅಗಲ ತಟ್ಟೆ ಇಟ್ಟಿರಿ. ರಸ ಉಕ್ಕಿಯೇ ಉಕ್ಕುತ್ತದೆ. ಓವನ್ನಿನ ತಳಕ್ಕೆ ಬಿದ್ದು ಸೀದರೆ ತಿಕ್ಕುವ ಕೆಲಸ ನಿಮ್ಮದು.

ಆ 20 ನಿಮಿಷದಲ್ಲಿ ಹಿಟ್ಟು ಮಾಡಿಕೊಳ್ಳಿ. ನಿಪ್ಪಟ್ಟು, ಕೋಡುಬಳೆಗೆ ಕಾದ ಎಣ್ಣೆ ಸುರಿದು ಹಿಟ್ಟು ಉಜ್ಜುತ್ತೇವಲ್ಲ, ಇಲ್ಲಿ ಅದರ ತಿರುಗುಮುರುಗು. ಬೆಣ್ಣೆ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು. ಒಣ ಸಾಮಾನೆಲ್ಲ ಬೆರೆಸಿ, ಬೆಣ್ಣೆಯನ್ನು ಸಣ್ಣ ಚೌಕಗಳಾಗಿ ಹೆಚ್ಚಿ ಹಾಕಿ, ಬೆರಳ ತುದಿಯಲ್ಲಿ ಬೇಗಬೇಗ ಉಜ್ಜಿ. ಅಂಗೈಗೆ ತಾಗಿಸಬೇಡಿ, ಅಂಗೈಯ ಬಿಸಿಗೆ ಬೆಣ್ಣೆ ಕರಗುತ್ತದೆ. ಪೂರ್ತಿ ಬೆರೆಯುವುದೂ ಬೇಡ. ಬಟಾಣಿ ಕಾಳಿನಷ್ಟು, ತೊಗರಿಬೇಳೆಯಷ್ಟು ಚೂರುಗಳು ಅಲ್ಲಲ್ಲಿ ಕಾಣುತ್ತಿರಬೇಕು. ಓವನ್ನಿನ ಬಿಸಿಯಲ್ಲಿ ಆ ಚೂರುಗಳು ಕರಗಿ, ಬೆಣ್ಣೆಯಲ್ಲಿದ್ದ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ಹೊದಿಕೆ ಹಗುರಾಗುವ ಗುಟ್ಟು ಅದು.

ಕಡೆಗೆ ಮಜ್ಜಿಗೆ ಸುರಿದು ಫೋರ್ಕಿನಿಂದಲೋ ಚಮಚದ ಹಿಂಬದಿಯಿಂದಲೋ ಹತ್ತು ಹನ್ನೆರಡು ಸುತ್ತು ತಿರುವಿ. ಒಣಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸಿ. ನಾದಿದಷ್ಟೂ ಮೈದಾದೊಳಗಿನ ಗ್ಲುಟೆನ್ ಬಿಗಿಯಾಗುತ್ತದೆ. ಚಪಾತಿಗೆ ಅದು ಬೇಕು, ಇಲ್ಲಿ ಅದು ಬಂದರೆ ಹೊದಿಕೆ ರಬ್ಬರಿನಂತಾಗುತ್ತದೆ. ಹದ ಹೇಗಿರಬೇಕೆಂದರೆ, ಮಂಗಳೂರು ಕಡೆಯ ಗೋಳಿಬಜೆಯ ಹಿಟ್ಟಿಗಿಂತ ತುಸು ಗಟ್ಟಿ. ಗೋಳಿಬಜೆಯಲ್ಲೂ ಮೈದಾ, ಮೊಸರು, ಸೋಡಾ ಅಲ್ಲವೇ? ಕೈಗೆ ಅಂದಾಜು ಸಿಗುತ್ತದೆ. ಆದರೆ ಗೋಳಿಬಜೆಯ ಹಿಟ್ಟನ್ನು ಕೈಯಲ್ಲಿ ಬಡಿದು ಬಡಿದು ಗಾಳಿ ತುಂಬಿಸಿ ಗಂಟೆಗಟ್ಟಲೆ ನೆನೆಬಿಡುತ್ತೇವೆ. ಇದನ್ನು ಬಡಿಯಲೂಬಾರದು, ನೆನೆಯಲು ಬಿಡಲೂಬಾರದು. ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿದ ಕ್ಷಣದಿಂದಲೇ ಗಾಳಿಗುಳ್ಳೆ ಏಳಲು ಶುರುವಾಗಿರುತ್ತದೆ, ತಡಮಾಡಿದರೆ ಉಬ್ಬು ಪಾತ್ರೆಯಲ್ಲೇ ಮುಗಿದುಹೋಗುತ್ತದೆ.

ಬಿಸಿ ಹಣ್ಣಿನ ತಟ್ಟೆಯನ್ನು ಹೊರಗೆಳೆದು, ದೊಡ್ಡ ಚಮಚದಲ್ಲಿ ಹಿಟ್ಟನ್ನು ಒಂಬತ್ತು ಗುಪ್ಪೆಗಳಾಗಿ ಹಾಕಿ. ಮೇಲ್ಮೈ ನುಣುಪು ಮಾಡಲು ಹೋಗಬೇಡಿ, ಒರಟು ತುದಿಗಳೇ ಗರಿಗರಿ ಆಗುವುದು. ನಡುನಡುವೆ ಬೆರಳಷ್ಟು ಜಾಗ ಬಿಡಿ. ಹಬೆ ಹೊರಹೋಗಲು ದಾರಿ ಬೇಕು, ಇಲ್ಲವಾದರೆ ಹಣ್ಣಿನ ನೀರೆಲ್ಲ ಹಿಟ್ಟಿಗೆ ಇಳಿಯುತ್ತದೆ. ಮೇಲೆ ಸಕ್ಕರೆ ಉದುರಿಸಿ ಮತ್ತೆ ಒಳಗಿಡಿ. ಇನ್ನು 30 ನಿಮಿಷ.

ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಬೇಡಿ. ನಾನು ಮೋಸಹೋದದ್ದು ಅಲ್ಲೇ. ನೋಡಬೇಕಾದದ್ದು ತಟ್ಟೆಯ ನಡುಮಧ್ಯ: ಗುಪ್ಪೆಗಳ ಸಂದಿನಲ್ಲಿ ಹಣ್ಣಿನ ರಸ ಮಂದವಾಗಿ, ದೊಡ್ಡ ದೊಡ್ಡ ಗುಳ್ಳೆಯೊಡೆದು ಕುದಿಯುತ್ತಿರಬೇಕು. ಅಂಚಿನಲ್ಲಿ ಕುದಿದರೆ ಸಾಲದು. ಕಾರ್ನ್‌ಫ್ಲೋರ್ ಸರಿಯಾಗಿ ಬೆಂದು ರಸವನ್ನು ಹಿಡಿಯಬೇಕಾದರೆ ಹೆಚ್ಚುಕಡಿಮೆ ಕುದಿಬಿಸಿ ಬೇಕು. ಆಮೇಲೆ ನಡುವಿನ ಗುಪ್ಪೆಗೊಂದು ಕಡ್ಡಿ ಚುಚ್ಚಿ. ಹಸಿಹಿಟ್ಟು ಅಂಟದಿದ್ದರೆ ಆಯಿತು. ಮೇಲ್ಭಾಗ ಬೇಗ ಕಪ್ಪಾಗುತ್ತಿದ್ದರೆ ಸಡಿಲವಾಗಿ ಫಾಯಿಲ್ ಮುಚ್ಚಿ, ಹಣ್ಣು ಕುದಿಯುವವರೆಗೂ ಬಿಡಿ.

ತೆಗೆದ ಮೇಲೆ ಇನ್ನೂ ಒಂದು ಕಾಯುವಿಕೆ ಇದೆ. ಕನಿಷ್ಠ 30 ನಿಮಿಷ, 45 ಆದರೆ ಇನ್ನೂ ಒಳ್ಳೆಯದು. ಬಿಸಿ ಗಂಜಿ ತಣಿದಂತೆ ಗಟ್ಟಿಯಾಗುವ ಹಾಗೆ ಈ ರಸವೂ ಬಿಸಿ ಇಳಿದಂತೆ ಹಿಡಿದುಕೊಳ್ಳುತ್ತದೆ. ಮಕ್ಕಳು ಸುತ್ತ ಸುಳಿಯುತ್ತಿರುತ್ತಾರೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬಿಸಿ ಗಾಜಿನ ತಟ್ಟೆಯನ್ನು ಒದ್ದೆ ಕಟ್ಟೆಯ ಮೇಲಿಡಬೇಡಿ, ಸೀಳಿಬಿಡುತ್ತದೆ.

ಹೊದಿಕೆ ರಸಕ್ಕೆ ತಾಗಿದ ಕಡೆ ಹಸಿರು ಛಾಯೆ ಕಂಡರೆ ಗಾಬರಿಯಾಗಬೇಡಿ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವ ಹಾಗೆ, ಬ್ಲೂಬೆರಿಯ ಬಣ್ಣ ಸೋಡಾ ತಾಗಿದರೆ ಹಸಿರು ನೀಲಿಗೆ ತಿರುಗುತ್ತದೆ, ಹುಳಿ ತಾಗಿದರೆ ಕೆಂಪಿನತ್ತ ಹೋಗುತ್ತದೆ. ತಿನ್ನಲು ಏನೂ ತೊಂದರೆಯಿಲ್ಲ. ಮುಂದಿನ ಸಲ ಸೋಡಾ ಅಳೆದು ಹಾಕಿ, ಅಷ್ಟೇ.

ಫ್ರೀಜ್ ಆದ ಹಣ್ಣಾದರೆ ಕರಗಿಸಲು ಕಾಯಬೇಡಿ, ಕಲ್ಲಿನಂತಿರುವಾಗಲೇ ಹಾಕಿ. ಕಾರ್ನ್‌ಫ್ಲೋರ್ 3 ಚಮಚವಾಗಲಿ, ಹಿಟ್ಟು ಹಾಕುವ ಮುಂಚಿನ 20 ನಿಮಿಷ 35 ಆಗಲಿ. ರುಚಿಯಲ್ಲಿ ವ್ಯತ್ಯಾಸವೇನೂ ಕಾಣುವುದಿಲ್ಲ. ಮೇನ್ ರಾಜ್ಯದ ಕಾಡು ಬ್ಲೂಬೆರಿಯ ಪೊಟ್ಟಣ ಸಿಕ್ಕಿದರೆ ತಾಜಾ ಹಣ್ಣಿಗಿಂತ ಅದೇ ಮೇಲು ಎಂಬುದು ನನ್ನ ತೀರ್ಮಾನ.

ಬೆಂಗಳೂರಿನಲ್ಲಿ ಲೆಕ್ಕ ಬೇರೆ. ಇಲ್ಲಿ ಬ್ಲೂಬೆರಿ ಹೆಚ್ಚಾಗಿ ಪೆರು, ಚಿಲಿಯಂಥ ದೂರದ ದೇಶಗಳಿಂದ ಬಂದು 125 ಗ್ರಾಂ ಡಬ್ಬಿಯಲ್ಲಿ ಮಾರಾಟವಾಗುತ್ತದೆ. ಮೇಲಿನ ಅಳತೆಗೆ ಏಳು ಡಬ್ಬಿ ಬೇಕು. ಒಂದು ಸಿಹಿಗೆ ಅಷ್ಟು ದುಡ್ಡು ಸುರಿಯುವುದು ನನಗೆ ಒಪ್ಪಿತವಲ್ಲ. ಫ್ರೀಜರ್ ವಿಭಾಗದ ಪೊಟ್ಟಣ ಕೊಂಡು, ಎಲ್ಲವನ್ನೂ ಅರ್ಧ ಮಾಡಿ ಆರು ಇಂಚಿನ ಪಿಂಗಾಣಿ ತಟ್ಟೆಯಲ್ಲಿ ಮಾಡಿ. ಓಟಿಜಿ ಎಂಬ ಸಣ್ಣ ಓವನ್ನಿನಲ್ಲಿ ಮೇಲಿನ ಸರಳು ಹತ್ತಿರವಿರುವುದರಿಂದ ತಟ್ಟೆಯನ್ನು ಕೆಳಗಿನ ಅಂತಸ್ತಿನಲ್ಲಿಡಿ, ಎರಡೂ ಸರಳು ಉರಿಯಲಿ, ಹಿಟ್ಟು ಹಾಕಿ 15 ನಿಮಿಷವಾದ ಮೇಲೆ ಕಣ್ಣಿಡಿ. ಪದೇಪದೇ ಬಾಗಿಲು ತೆರೆದರೆ ಬಿಸಿಯೆಲ್ಲ ಹೊರಗೆ. ಬೇಸಿಗೆಯಲ್ಲಿ ಇದೇ ವಿಧಾನಕ್ಕೆ ಮಾವಿನಹಣ್ಣು ಚೆನ್ನಾಗಿ ಒಗ್ಗುತ್ತದೆ, ಸಕ್ಕರೆ ಅರ್ಧಕ್ಕರ್ಧ ಇಳಿಸಿ.

ಅಮೆರಿಕದ ದಕ್ಷಿಣದ ರಾಜ್ಯಗಳವರು ಮೇಲಿನದನ್ನು ಕಾಬ್ಲರ್ ಎಂದು ಒಪ್ಪದೇ ಇರಬಹುದು. ಅಲ್ಲಿ ಹಲವರ ಪದ್ಧತಿ ಹೀಗೆ: ತಟ್ಟೆಯಲ್ಲಿ ಒಂದು ಕಡ್ಡಿ ಬೆಣ್ಣೆ ಕರಗಿಸಿ, ಒಂದು ಕಪ್ ಸೆಲ್ಫ್ ರೈಸಿಂಗ್ ಹಿಟ್ಟು, ಒಂದು ಕಪ್ ಸಕ್ಕರೆ, ಒಂದು ಕಪ್ ಹಾಲು ಕಲಸಿದ ದೋಸೆ ಹಿಟ್ಟಿನಂಥದ್ದನ್ನು ಅದರ ಮೇಲೆ ಸುರಿದು, ಕಲಕದೆ, ಮೇಲಿಂದ ಹಣ್ಣು ಹರಡುವುದು. ಬೇಯುವಾಗ ಹಣ್ಣು ಕೆಳಗಿಳಿದು ಹಿಟ್ಟು ಮೇಲೇರುತ್ತದೆ. ನೋಡಲು ಸೊಗಸು, ನನ್ನ ನಾಲಗೆಗೆ ಸಿಹಿ ಅತಿ. ಇನ್ನೊಂದು ಮಾತು: ಕೆಲವು ಕಡೆ ಹೊದಿಕೆಯ ಹಿಟ್ಟಿಗೆ ಬೆಣ್ಣೆಯ ಬದಲು ಹಂದಿ ಕೊಬ್ಬು ಬಳಸುವುದುಂಟು. ಸಸ್ಯಾಹಾರಿಗಳು ಹೋಟೆಲಿನಲ್ಲಿ ತಿನ್ನುವ ಮುಂಚೆ ಕೇಳಿಕೊಳ್ಳುವುದು ಲೇಸು.

ಏಲಕ್ಕಿ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಏಲಕ್ಕಿ ಬಿದ್ದರೆ ಬ್ಲೂಬೆರಿಯ ನವುರಾದ ಪರಿಮಳ ಅದರಡಿ ಮುಚ್ಚಿಹೋಗಿ ಎಲ್ಲ ಪಾಯಸದಂತೆ ಅನಿಸುತ್ತದೆ. ನಿಂಬೆಸಿಪ್ಪೆಯೇ ಸಾಕು, ತೀರಾ ಬೇಕೆನಿಸಿದರೆ ಚಿಟಿಕೆ ದಾಲ್ಚಿನ್ನಿ. ಮೈದಾ ಬೇಡವೆನ್ನುವವರು ಅರ್ಧ ಗೋಧಿಹಿಟ್ಟು ಬೆರೆಸಬಹುದು, ಒಂದೆರಡು ಚಮಚ ಮಜ್ಜಿಗೆ ಹೆಚ್ಚು ಕೇಳುತ್ತದೆ.

ಉಗುರುಬೆಚ್ಚಗಿರುವಾಗ ಬಟ್ಟಲಿಗೆ ಹಾಕಿ ಪಕ್ಕದಲ್ಲಿ ವೆನಿಲಾ ಐಸ್‌ಕ್ರೀಮ್ ಇಡಿ. ಮಾಡಿದ ದಿನದ ರುಚಿ ಮರುದಿನಕ್ಕಿಲ್ಲ, ಹೊದಿಕೆ ಮೆತ್ತಗಾಗುತ್ತದೆ. ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಬಾಳುತ್ತದೆ. ಬಿಸಿ ಮಾಡುವುದು ಮೈಕ್ರೋವೇವ್‌ನಲ್ಲಲ್ಲ, 160 ಡಿಗ್ರಿಯ ಓವನ್ನಿನಲ್ಲಿ 15 ನಿಮಿಷ. ಬಡಿಸುವಾಗ ಬಿಳಿ ಅಂಗಿ, ಬಿಳಿ ಪಂಚೆ ತೊಟ್ಟವರನ್ನು ಸ್ವಲ್ಪ ದೂರ ಕೂರಿಸಿ. ಕಲೆ ಬಿದ್ದರೆ ಒಣಗಲು ಬಿಡದೆ ಬಟ್ಟೆಯ ಹಿಂಬದಿಯಿಂದ ತಣ್ಣೀರು ಹರಿಸಿ, ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ. ಸೋಪು ಮೊದಲೇ ತಾಗಿಸಿದರೆ ಕಲೆ ಇನ್ನೂ ನೀಲಿಯಾಗುತ್ತದೆ.